ಲೇಸರೋ ಸೂಜಿಯೋ: ಬೇಡದ ಕೂದಲು ತೆಗೆಸುವ ಮೊದಲು ಕಲಬುರಗಿ ಕಡೆಯವರು ನೋಡಬೇಕಾದ್ದು

ಎರಡು ವಾರಕ್ಕೊಮ್ಮೆ ಮೇಲ್ದುಟಿಗೆ, ಗದ್ದಕ್ಕೆ ಥ್ರೆಡ್ಡಿಂಗ್ ಮಾಡಿಸಿ ಬೇಸತ್ತವರು ಕ್ಲಿನಿಕ್‌ಗೆ ಫೋನ್ ಹಚ್ಚಿ ಮೊದಲು ಕೇಳುವುದು ಒಂದೇ ಮಾತು: "ಲೇಸರ್‌ಗೆ ಎಷ್ಟು ತಗೋತೀರ್ರಿ?" ದರಕ್ಕಿಂತ ಮುಂಚೆ ತಿಳಿದುಕೊಳ್ಳಬೇಕಾದ ಸಂಗತಿಗಳು ಬೇರೆ ಇವೆ. ಕೂದಲಿನ ಬಣ್ಣ ಯಾವುದು, ಎಷ್ಟು ದಪ್ಪ, ಚರ್ಮ ಎಷ್ಟು ಕಪ್ಪು, ಆ ಕೂದಲು ಯಾಕೆ ಬಂತು, ಕ್ಲಿನಿಕ್‌ನಲ್ಲಿರುವ ಮಷೀನ್ ಯಾವುದು. ಇಷ್ಟು ಗೊತ್ತಾದರೆ ಲೇಸರ್ ಬೇಕೋ, ಸೂಜಿಯಿಂದ ಬೇರಿಗೆ ಕರೆಂಟ್ ಕೊಡುವ ಎಲೆಕ್ಟ್ರಾಲಿಸಿಸ್ ಬೇಕೋ ಎಂಬುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಎರಡೂ ಕೆಲಸ ಮಾಡುವ ರೀತಿ

ಲೇಸರ್ ಬೆಳಕನ್ನು ಹೀರುವುದು ಕೂದಲಿನ ಕಪ್ಪು ಬಣ್ಣ, ಅಂದರೆ ಮೆಲನಿನ್. ಹೀರಿದ ಬೆಳಕು ಶಾಖವಾಗಿ ಬೇರಿಗೂ, ಹೊಸ ಕೂದಲು ಹುಟ್ಟಿಸುವ ಸುತ್ತಲಿನ ಜೀವಕೋಶಗಳಿಗೂ ಹರಡಿ ಅವನ್ನು ಸುಡುತ್ತದೆ. ಹಾಗಾಗಿ ಬಿಳಿ, ಬೂದು, ಕೆಂಚು ಕೂದಲಿಗೆ ಲೇಸರ್ ನಾಟುವುದಿಲ್ಲ. ಬಿಳಿ ಕೂದಲಿಗೆ ಡೈ ಹಚ್ಚಿಕೊಂಡು ಹೋದರೂ ಪ್ರಯೋಜನವಿಲ್ಲ, ಬಣ್ಣ ಬೇರಿನ ತನಕ ಇಳಿಯುವುದಿಲ್ಲ.

ಎಲೆಕ್ಟ್ರಾಲಿಸಿಸ್‌ನಲ್ಲಿ ಬಣ್ಣದ ಪ್ರಶ್ನೆಯೇ ಬರುವುದಿಲ್ಲ. ಕೂದಲು ಹೊರಬರುವ ರಂಧ್ರದಲ್ಲೇ ಕೂದಲಿನಷ್ಟು ಸಣ್ಣ ಸೂಜಿ ಇಳಿಸಿ, ಬೇರಿಗೆ ಕರೆಂಟ್ ಕೊಟ್ಟು, ಒಂದೊಂದೇ ಕೂದಲು ತೆಗೆಯುತ್ತಾರೆ. ಇದು ಹಳೆಯ ವಿದ್ಯೆ. 1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ ಕಣ್ಣೊಳಗೆ ಚುಚ್ಚುವ ರೆಪ್ಪೆಗೂದಲು ತೆಗೆಯಲು ಬಳಸಿದ ವಿಧಾನವೇ ಇದರ ಮೂಲ. ಲೇಸರ್‌ಗೆ ದಾರಿ ಮಾಡಿದ ಸಿದ್ಧಾಂತ, ಸುತ್ತಲಿನ ಚರ್ಮ ಬಿಟ್ಟು ಬಣ್ಣವಿರುವ ಜಾಗವನ್ನಷ್ಟೇ ಬೆಳಕಿನಿಂದ ಸುಡಬಹುದು ಎಂಬುದು, 1983ರದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇವೆರಡಕ್ಕೂ ಬೇರೆ ಬೇರೆ ಮಾತು ಬಳಸುತ್ತದೆ. ಲೇಸರ್‌ಗೆ "ಶಾಶ್ವತ ಕೂದಲು ಇಳಿಕೆ", ಎಲೆಕ್ಟ್ರಾಲಿಸಿಸ್‌ಗೆ "ಶಾಶ್ವತ ಕೂದಲು ನಿವಾರಣೆ". "ಆರು ಸಿಟ್ಟಿಂಗ್‌ನಾಗ ಪೂರಾ ಸಾಫ್ ಆಗ್ತದ ನೋಡ್ರಿ ಅಕ್ಕಾರ" ಎಂದು ಯಾರಾದರೂ ಲೇಸರ್‌ಗೆ ಭರವಸೆ ಕೊಟ್ಟರೆ ಈ ವ್ಯತ್ಯಾಸ ನೆನಪಿರಲಿ. ಲೇಸರ್‌ನಲ್ಲಿ ಕೂದಲು ಕಡಿಮೆಯಾಗುತ್ತದೆ, ತೆಳುವಾಗುತ್ತದೆ, ಬೆಳೆಯುವ ವೇಗ ತಗ್ಗುತ್ತದೆ. ಒಂದಷ್ಟು ಉಳಿದೇ ಉಳಿಯುತ್ತದೆ.

ಮೊದಲು ಕೂದಲು ಯಾಕೆ ಬಂತು ನೋಡಿಸಿ

ಗದ್ದ, ಕುತ್ತಿಗೆ, ಎದೆಯ ನಡುವೆ, ಹೊಕ್ಕುಳ ಕೆಳಗೆ ದಪ್ಪ ಕಪ್ಪು ಕೂದಲು ಬರತೊಡಗಿದ್ದು, ಜೊತೆಗೆ ಮುಟ್ಟು 35 ದಿನಕ್ಕಿಂತ ತಡವಾಗಿ ಬರುತ್ತಿದ್ದರೆ ಅಥವಾ ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆ ಆಗುತ್ತಿದ್ದರೆ ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಇರಬಹುದು. ಮೊಡವೆ, ನೆತ್ತಿಯ ಕೂದಲು ತೆಳುವಾಗುವುದು, ಕುತ್ತಿಗೆ ಹಿಂದೆ ಕಪ್ಪಾಗಿ ದಪ್ಪಗಾಗುವುದು ಜೊತೆಗಿದ್ದರೆ ಅನುಮಾನ ಇನ್ನೂ ಹೆಚ್ಚು. ಇದನ್ನು ಬಿಟ್ಟು ನೇರ ಲೇಸರ್ ಮಾಡಿಸಿದರೆ, ಸುಟ್ಟ ಬೇರಿನ ಪಕ್ಕದಲ್ಲೇ ಇದ್ದ ಮೆತ್ತನೆಯ ಕೂದಲನ್ನು ಹಾರ್ಮೋನು ದಪ್ಪ ಮಾಡುತ್ತಲೇ ಇರುತ್ತದೆ. "ಎಂಟು ಸಿಟ್ಟಿಂಗ್ ಆದರೂ ಹೋಗಲಿಲ್ಲ" ಎನ್ನುವವರಲ್ಲಿ ಈ ಕಾರಣವೇ ಬಹಳ ಸಲ ಇರುತ್ತದೆ. ಮಷೀನ್ ತನ್ನ ಕೆಲಸ ಮಾಡಿರುತ್ತದೆ, ಒಳಗಿನ ಕಾರಣಕ್ಕೆ ಮಾತ್ರ ಯಾರೂ ಕೈ ಹಚ್ಚಿರುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಊರಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ. ಜಿಮ್ಸ್, ಬ್ರಿಮ್ಸ್, ಯಿಮ್ಸ್ ಇವುಗಳ ಚರ್ಮರೋಗ ಇಲ್ಲವೇ ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ. ವೈದ್ಯರು ಸಾಮಾನ್ಯವಾಗಿ ಟೆಸ್ಟೋಸ್ಟೆರೋನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆ, ಬೇಕಾದರೆ ಹೊಟ್ಟೆಯ ಸ್ಕ್ಯಾನ್ ಬರೆಯುತ್ತಾರೆ. ಮಾತ್ರೆ ಶುರುವಾದರೆ ಕೂದಲಿನಲ್ಲಿ ಫರಕು ಕಾಣಲು ಸುಮಾರು ಆರು ತಿಂಗಳು ಬೇಕು. ಮಾತ್ರೆ ಹೊಸದು ದಪ್ಪವಾಗುವುದನ್ನು ತಡೆಯುತ್ತದೆ, ಈಗಾಗಲೇ ದಪ್ಪವಾದದ್ದನ್ನು ತೆಗೆಯಲು ಲೇಸರ್ ಅಥವಾ ಸೂಜಿಯೇ ಆಗಬೇಕು. ಎರಡೂ ಒಟ್ಟಿಗೆ ನಡೆಯಬಹುದು. ಕೂದಲಿಗೆಂದು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಬಸಿರಿದ್ದಾಗ ಬಳಸುವಂಥದ್ದಲ್ಲ. ಮದುವೆಯಾಗಿದ್ದು ಮಗುವಿನ ಯೋಚನೆ ಇದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ಮೊದಲೇ ಹೇಳಿ.

ಕೆಲವೇ ತಿಂಗಳಲ್ಲಿ ಮೈತುಂಬ ಕೂದಲು ಬಂದು, ದನಿ ಗಡುಸಾಗುತ್ತಿದ್ದರೆ ಪಾರ್ಲರ್, ಲೇಸರ್ ಎಲ್ಲ ಬದಿಗಿಟ್ಟು ಅದೇ ವಾರ ವೈದ್ಯರನ್ನು ಕಾಣಬೇಕು. ಅಂಡಾಶಯದಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಗಂಟು ಇದ್ದರೂ ಹೀಗಾಗುತ್ತದೆ.

ಕನ್ನಡಿ ಹಿಡಿದು ಹತ್ತು ನಿಮಿಷ

ಹಗಲು ಹನ್ನೊಂದರ ಹೊತ್ತಿಗೆ ಕಿಟಕಿ ಪಕ್ಕ ಕೂತು, ಟ್ಯೂಬ್‌ಲೈಟ್ ಆರಿಸಿ, ಭೂತಕನ್ನಡಿಯಲ್ಲೋ ಫೋನಿನ ಕ್ಯಾಮೆರಾದಲ್ಲೋ ಗದ್ದ ನೋಡಿಕೊಳ್ಳಿ. ಒಂದೇ ಒಂದು ಕೂದಲನ್ನು ಪ್ಲಕ್ಕರ್‌ನಿಂದ ಕಿತ್ತು ಬಿಳಿ ಕಾಗದದ ಮೇಲಿಡಿ. ಬುಡದಲ್ಲಿ ಕಪ್ಪಗೆ, ಒದ್ದೆಯಾದ ಗುಂಡಗಿನ ಗೆಡ್ಡೆ ಇದ್ದರೆ ಅದು ಬೆಳೆಯುತ್ತಿದ್ದ ಕೂದಲು. ಲೇಸರ್ ತಾಗುವುದು ಈ ಹಂತದಲ್ಲಿರುವ ಕೂದಲಿಗೇ. ಬುಡ ಒಣಗಿ, ಸಣ್ಣ ಬಿಳಿ ಮೊಟ್ಟೆಯಂತಿದ್ದರೆ ಅದು ಬೆಳೆದು ಮುಗಿದು ಉದುರಲು ಕಾದಿದ್ದ ಕೂದಲು. ಯಾವುದೇ ದಿನ ಮುಖದ ಎಲ್ಲ ಕೂದಲೂ ಒಂದೇ ಹಂತದಲ್ಲಿರುವುದಿಲ್ಲ. ಒಂದೇ ಸಿಟ್ಟಿಂಗ್‌ನಲ್ಲಿ ಕೆಲಸ ಮುಗಿಯದಿರಲು ಕಾರಣ ಇದೇ. ಒಂದಕ್ಕಿಂತ ಹೆಚ್ಚು ಕೀಳಬೇಡಿ.

ಈಗ ಬಣ್ಣ, ದಪ್ಪ ಎಣಿಸಿ. ದಪ್ಪ, ಕಪ್ಪು, ದಟ್ಟವಾಗಿದ್ದರೆ ಲೇಸರ್. ಒಟ್ಟು ಹದಿನೈದೋ ಇಪ್ಪತ್ತೋ ಕೂದಲು ಅಲ್ಲೊಂದು ಇಲ್ಲೊಂದು ಇದ್ದರೆ ಸೂಜಿ. ನಲವತ್ತೈದು ದಾಟಿದವರ ಗದ್ದದಲ್ಲಿ ಬಿಳಿಯದು, ಕಪ್ಪುದು ಬೆರೆತು ಬರುತ್ತವೆ. ಅವರಿಗೆ ಕಪ್ಪುದಕ್ಕೆ ಲೇಸರ್, ಬಿಳಿಯದಕ್ಕೆ ಸೂಜಿ.

ಕೆನ್ನೆಯ ಮೇಲಿನ ಪೀಚಿನಂಥ ಮೆತ್ತನೆಯ ಕೂದಲಿಗೆ ಲೇಸರ್ ಹಾಕಿಸಲೇಬೇಡಿ. ಅದರಲ್ಲಿ ಬೇರು ಸುಡುವಷ್ಟು ಬಣ್ಣ ಇರುವುದಿಲ್ಲ. ಅರೆಬರೆ ಶಾಖ ತಾಗಿ ಮಲಗಿದ್ದ ಬೇರು ಎದ್ದು, ಮೆತ್ತನೆಯ ಕೂದಲೇ ದಪ್ಪ ಕಪ್ಪಾಗಿ ಬರುವುದುಂಟು. ಇದು ಹೆಚ್ಚಾಗಿ ಕಾಣುವುದು ಕೆನ್ನೆ, ದವಡೆಯಂಚು ಮತ್ತು ಕುತ್ತಿಗೆಯಲ್ಲಿ, ಅದೂ ಗೋಧಿ ಮತ್ತು ಕಪ್ಪು ಮೈಬಣ್ಣದವರಲ್ಲಿ, ಪಿಸಿಓಎಸ್ ಇರುವವರಲ್ಲಿ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಬಹಳ ಜನ ಈ ಗುಂಪಿಗೇ ಸೇರುತ್ತಾರೆ. "ಫುಲ್ ಫೇಸ್ ಪ್ಯಾಕೇಜ್ ತಗೊಂಡ್ರ ಅಗ್ಗ ಬೀಳ್ತದ" ಎಂದರೆ ಒಪ್ಪಬೇಡಿ. ಗದ್ದ, ಮೇಲ್ದುಟಿ, ಕಿವಿ ಮುಂದಿನ ಕಲ್ಲಿ, ಇದರಲ್ಲಿ ದಪ್ಪ ಕೂದಲಿರುವಲ್ಲಿಗೆ ಮಾತ್ರ ಲೇಸರ್ ಕೇಳಿ.

ಚರ್ಮದ ಬಣ್ಣ ಮತ್ತು ಮಷೀನ್

ಚರ್ಮದ ಬಣ್ಣವನ್ನು ವೈದ್ಯರು ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ ಒಂದರಿಂದ (ತೀರಾ ಬಿಳಿ) ಆರರ (ತೀರಾ ಕಪ್ಪು) ತನಕ ಗುರುತಿಸುತ್ತಾರೆ. ನಮ್ಮ ಕಡೆ ಹೆಚ್ಚಿನವರು ನಾಲ್ಕು ಮತ್ತು ಐದು. ಈ ಚರ್ಮದ ಮೇಲ್ಪದರದಲ್ಲೂ ಮೆಲನಿನ್ ತುಂಬಿರುವುದರಿಂದ ಬೆಳಕು ಬೇರಿಗೆ ಹೋಗುವ ದಾರಿಯಲ್ಲೇ ಚರ್ಮವನ್ನೂ ಸುಡಬಲ್ಲದು. ಬೆಳಕಿನ ಅಲೆಯ ಉದ್ದ (ನ್ಯಾನೊಮೀಟರ್‌ನಲ್ಲಿ ಅಳೆಯುವುದು) ಹೆಚ್ಚಾದಷ್ಟೂ ಮೇಲ್ಪದರ ಹೀರುವುದು ಕಡಿಮೆ, ಬೆಳಕು ಇಳಿಯುವ ಆಳ ಹೆಚ್ಚು.

ಅಲೆಕ್ಸಾಂಡ್ರೈಟ್ ಲೇಸರ್ 755 ನ್ಯಾನೊಮೀಟರ್‌ನದು, ತಿಳಿ ಚರ್ಮಕ್ಕೆ ಸರಿ, ನಮಗೆ ಅಪಾಯ. ಡಯೋಡ್ 800ರಿಂದ 810. ಕೂಲಿಂಗ್ ಚೆನ್ನಾಗಿದ್ದು, ಪಲ್ಸ್, ಅಂದರೆ ಬೆಳಕು ಒಮ್ಮೆ ಬೀಳುವ ಅವಧಿ, ಉದ್ದವಿಟ್ಟು, ಅನುಭವಿ ಕೈಯಲ್ಲಿ ಮಾಡಿದರೆ ನಾಲ್ಕು ಮತ್ತು ಐದರ ಚರ್ಮಕ್ಕೂ ನಡೆಯುತ್ತದೆ. ಲಾಂಗ್ ಪಲ್ಸ್ ಎನ್‌ಡಿ ಯಾಗ್ 1064. ಕಪ್ಪು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ ಇದೇ, ಆದರೆ ನೋವು ಸ್ವಲ್ಪ ಹೆಚ್ಚು, ಸ್ವಲ್ಪ ತೆಳು ಕೂದಲಿಗೆ ಪರಿಣಾಮ ಕಡಿಮೆ. ಐಪಿಎಲ್ ಲೇಸರ್ ಅಲ್ಲ, ಹಲವು ಅಲೆಗಳು ಬೆರೆತ ಬೆಳಕು. ಪಾರ್ಲರ್‌ಗಳಲ್ಲಿ ಅದನ್ನೂ "ಲೇಸರ್" ಎಂದೇ ಕರೆಯುತ್ತಾರೆ. ನಮ್ಮ ಮೈಬಣ್ಣಕ್ಕೆ ಸುಟ್ಟ ಗುರುತು ಬೀಳುವ ಸಂಭವ ಇದರಲ್ಲಿ ಜಾಸ್ತಿ. ಆನ್‌ಲೈನ್‌ನಲ್ಲಿ ಸಿಗುವ ಮನೆಬಳಕೆಯ ಮಷೀನ್‌ಗಳಲ್ಲಿ ಹೆಚ್ಚಿನವು ಐಪಿಎಲ್ ಆಗಿರುತ್ತವೆ. ಡಬ್ಬಿಯ ಮೇಲಿನ ಚರ್ಮದ ಬಣ್ಣದ ಪಟ್ಟಿಯಲ್ಲಿ ಕಡು ಬಣ್ಣಗಳಿಗೆ ಅಡ್ಡಗೆರೆ ಇದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಕ್ಲಿನಿಕ್‌ಗೆ ಹೋದಾಗ ಮಷೀನ್ ಹೆಸರಷ್ಟೇ ಕೇಳಿ ಸುಮ್ಮನಾಗಬೇಡಿ, ಅಲೆಯ ಉದ್ದ ಎಷ್ಟು ಎಂದು ಕೇಳಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ವೈದ್ಯರು ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರೇ ನೋಡಿ. ಲೇಸರ್ ಹಿಡಿಯುವವರು ಟೆಕ್ನಿಷಿಯನ್ ಆಗಿದ್ದರೆ, ಶಕ್ತಿ ಎಷ್ಟಿಡಬೇಕು ಎಂದು ತೀರ್ಮಾನಿಸುವವರು ಯಾರು, ಸುಟ್ಟರೆ ಅದೇ ದಿನ ನೋಡುವವರು ಯಾರು ಎಂದು ಕೇಳುವ ಹಕ್ಕು ನಿಮಗಿದೆ. ಪ್ರತಿ ಸಿಟ್ಟಿಂಗ್‌ನ ಜೂಲ್ (ಶಕ್ತಿ), ಪಲ್ಸ್, ಸ್ಪಾಟ್ ಗಾತ್ರ (ಬೆಳಕು ಬೀಳುವ ಜಾಗದ ಅಗಲ) ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದೆ ಬೇರೆ ಊರಿಗೆ ಹೋದಾಗ, ಅಥವಾ ಕಲೆ ಬಿದ್ದಾಗ, ಆ ಕಾರ್ಡ್ ಒಂದೇ ಆಧಾರ.

ಟೆಸ್ಟ್ ಪ್ಯಾಚ್ ಇಲ್ಲದೆ ಶುರುಮಾಡಬೇಡಿ. ಕಿವಿಯ ಕೆಳಗೆ, ದವಡೆಯ ಮರೆಯಲ್ಲಿ ಮೂರ್ನಾಲ್ಕು ಶಾಟ್ ಹಾಕಿಸಿ ಬನ್ನಿ. ಗುಳ್ಳೆ ಎದ್ದರೆ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ, ಕಪ್ಪು ಕಲೆ ಮೇಲೆ ಬರಲು ಮಾತ್ರ ಒಂದೆರಡು ವಾರ ಹಿಡಿಯುತ್ತದೆ. ಹಾಗಾಗಿ ಎರಡು ವಾರ ಕಾಯುವುದು ಲೇಸು.

ಬಿಸಿಲು ನೋಡಿ ತಿಂಗಳು ಆರಿಸಿ

ಬಿಸಿಲಿಗೆ ಕಂದಿದ ಚರ್ಮದ ಮೇಲೆ ಲೇಸರ್ ಹಾಕಿದರೆ ಸುಡುವುದು ಹೆಚ್ಚು, ಯಾಕೆಂದರೆ ಕಂದು ಎನ್ನುವುದೂ ಮೆಲನಿನ್ನೇ. ಮಾರ್ಚ್‌ನಿಂದ ಮೇ ತನಕ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹೊಲಕ್ಕೆ, ಡ್ಯೂಟಿಗೆ, ಬಸ್‌ಸ್ಟ್ಯಾಂಡಿಗೆ ಓಡಾಡುವವರಿಗೆ ತಪ್ಪಿಸಿಕೊಳ್ಳುವುದು ಕಷ್ಟ. ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಂದು ಸಿಟ್ಟಿಂಗ್. ಮುಂಗಾರು ಹಿಡಿದ ಮೇಲೆ ಜೂನ್ ಕೊನೆಗೆ ಶುರುಮಾಡಿದರೆ ಫೆಬ್ರವರಿಯೊಳಗೆ ಆರರಿಂದ ಎಂಟು ಸಿಟ್ಟಿಂಗ್ ಮುಗಿಯುತ್ತವೆ. ದಸರೆಗೆ ಶುರುಮಾಡಿದರೆ ಬ್ಯಾಸಗಿಗೆ ಮೊದಲು ನಾಲ್ಕು ಸಿಗಬಹುದು. ಕಾಲು, ಕೈಗೆ ಆರರಿಂದ ಎಂಟು ವಾರದ ಅಂತರ ಬೇಕು.

ಮೇ ತಿಂಗಳಲ್ಲಿ ಮದುವೆ ಇಟ್ಟುಕೊಂಡು ಏಪ್ರಿಲ್‌ನಲ್ಲಿ ಮೊದಲ ಲೇಸರ್ ಹಾಕಿಸುವುದು ಬೇಡ. ಅರಿಶಿನ ಶಾಸ್ತ್ರದ ದಿನ ಮುಖದ ಮೇಲೆ ಕಪ್ಪು ಪಟ್ಟೆ ಇರುವುದಕ್ಕಿಂತ ಆ ಸಲ ಥ್ರೆಡ್ಡಿಂಗ್ ಮಾಡಿಸಿಕೊಂಡು, ಮಳೆಗಾಲದಲ್ಲಿ ಶುರುಮಾಡುವುದು ಒಳ್ಳೆಯದು.

ಲೇಸರ್‌ಗೆ ಮುಂಚೆ ಮತ್ತು ನಂತರ

ನಾಲ್ಕು ವಾರ ಮೊದಲೇ ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಪ್ಲಕ್ಕರ್ ನಿಲ್ಲಿಸಬೇಕು. ಬೇರು ಕಿತ್ತ ರಂಧ್ರದಲ್ಲಿ ಲೇಸರ್‌ಗೆ ತಾಗಲು ಏನೂ ಇರುವುದಿಲ್ಲ. ದುಡ್ಡು ಕೊಟ್ಟೂ ಫಲ ಸಿಗದಿರಲು ಇದೂ ಒಂದು ಕಾರಣ. ನಡುವೆ ಬೆಳೆದದ್ದನ್ನು ರೇಜರ್‌ನಿಂದ ತೆಗೆಯಬಹುದು. ರೇಜರ್ ಹಾಕಿದರೆ ಗಡ್ಡ ಬರುತ್ತದೆ ಎಂಬ ಹೆದರಿಕೆ ಮನೆಮನೆಯಲ್ಲೂ ಇದೆ. ರೇಜರ್ ಬೇರನ್ನು ಮುಟ್ಟುವುದೇ ಇಲ್ಲ. ಕೂದಲಿನ ಚೂಪು ತುದಿ ಹೋಗಿ ಮೊಂಡಾದ್ದರಿಂದ ಕೈಗೆ ಒರಟು ಹತ್ತುತ್ತದೆ, ಅಷ್ಟೇ.

ಹಿಂದಿನ ದಿನ ಅಥವಾ ಅದೇ ದಿನ ಬೆಳಗ್ಗೆ ಪೂರ್ತಿ ಬೋಳಿಸಿ ಹೋಗಿ. ಮೇಲೆ ಉಳಿದ ಉದ್ದ ಕೂದಲು ಲೇಸರ್‌ಗೆ ಸುಟ್ಟು ಚರ್ಮಕ್ಕೆ ಅಂಟಿ ಬರೆ ಎಳೆದಂತಾಗುತ್ತದೆ. ಮುಖಕ್ಕೆ ಬ್ಲೀಚ್, ಕ್ರೀಮ್, ಮೇಕಪ್ ಇರಬಾರದು. ಬ್ಲೀಚ್ ಮಾಡಿದ ಕೂದಲಿನಲ್ಲಿ ಬಣ್ಣವೂ ಉಳಿಯುವುದಿಲ್ಲ. ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನೊಯಿನ್ ನುಂಗುತ್ತಿದ್ದರೆ, ತುಟಿಯ ಸುತ್ತ ಆಗಾಗ ನೀರುಗುಳ್ಳೆ ಬರುತ್ತಿದ್ದರೆ, ಗಾಯ ಮಾಗಿದ ಮೇಲೆ ಕಲೆ ಉಬ್ಬಿ ಗಂಟಾಗುವ ಮೈಯಾಗಿದ್ದರೆ, ಬಸಿರಿದ್ದರೆ, ಮೊದಲೇ ಹೇಳಿ. ಹಚ್ಚೆ ಇರುವ ಜಾಗ, ಮಚ್ಚೆ ಇರುವ ಜಾಗ ಬಿಟ್ಟು ಹಾಕಿಸಬೇಕು. ಗದ್ದದ ಮೇಲೆ ಹಸಿರು ಹಚ್ಚೆ ಚುಕ್ಕೆ ಇರುವ ಹಿರಿಯರು ನಮ್ಮಲ್ಲಿ ಬಹಳ. ಹಚ್ಚೆಯ ಬಣ್ಣ ಬೆಳಕು ಹೀರಿ ಅಲ್ಲೇ ಸುಡುತ್ತದೆ. ಕಣ್ಣಿಗೆ ಆ ಲೇಸರ್‌ನ ಅಲೆಗೆ ತಕ್ಕ ಗಾಗಲ್ ಅಥವಾ ಶೀಲ್ಡ್ ಹಾಕಲೇಬೇಕು. ಹುಬ್ಬಿನ ಕೆಳಗೆ, ಕಣ್ಣಿನ ಗೂಡಿನೊಳಗೆ ಲೇಸರ್ ಬೇಡವೇ ಬೇಡ.

ಮರಗಟ್ಟುವ ಕ್ರೀಮ್ ಮುಖದ ಸಣ್ಣ ಜಾಗಕ್ಕೆ ಹೇಳಿದಷ್ಟೇ ಹಚ್ಚಿ. ಎರಡೂ ಕಾಲಿಗೆ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿ ಕೂತರೆ ಔಷಧ ರಕ್ತಕ್ಕಿಳಿದು ಫಿಟ್ಸ್, ಎದೆಬಡಿತದ ಏರುಪೇರು ತರಬಹುದು, ಜೀವಕ್ಕೇ ಕುತ್ತಾಗಬಹುದು.

ಶಾಟ್ ಬಿದ್ದ ಕೆಲವು ನಿಮಿಷದಲ್ಲಿ ಪ್ರತಿ ಕೂದಲ ಬುಡದ ಸುತ್ತ ಸಣ್ಣ ಕೆಂಪು ಉಬ್ಬು ಎದ್ದರೆ ಕೆಲಸ ಸರಿಯಾಗಿದೆ. ಚರ್ಮ ಬೂದಿಯ ಬಣ್ಣಕ್ಕೆ ಅಥವಾ ಬಿಳಿಗೆ ತಿರುಗಿದರೆ, ಉರಿ ನಿಲ್ಲದೆ ಏರುತ್ತಿದ್ದರೆ "ನಿಲ್ಲಸ್ರಿ" ಎನ್ನಿ. ಮೇಲ್ಪದರ ಸುಡುತ್ತಿದೆ ಎಂದರ್ಥ. ಹ್ಯಾಂಡಲ್‌ನ ತುದಿ ತಣ್ಣಗಿಲ್ಲದಿದ್ದರೆ, ಜೆಲ್ ಒಣಗಿದ್ದರೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಶಾಟ್ ಬಿದ್ದರೆ ಹೀಗಾಗುತ್ತದೆ. ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ. ಸುಟ್ಟೀತು ಎಂಬ ಭಯಕ್ಕೆ ಶಕ್ತಿ ತೀರಾ ಇಳಿಸಿ, ಬರೀ ಬೆಚ್ಚಗೆ ಮಾಡಿ ಕಳಿಸುವುದು. ನೋವೂ ಇಲ್ಲ, ಉಬ್ಬೂ ಇಲ್ಲ, ಕೂದಲೂ ಹೋಗುವುದಿಲ್ಲ. ಮೂರು ಸಿಟ್ಟಿಂಗ್ ಆದರೂ ಬೆಳೆಯುವ ವೇಗ ಸ್ವಲ್ಪವೂ ತಗ್ಗದಿದ್ದರೆ ಕಾರ್ಡ್ ಹಿಡಿದು ವೈದ್ಯರನ್ನೇ ಕೇಳಿ.

ಮನೆಗೆ ಬಂದು ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ, ಸಾದಾ ಮಾಯಿಶ್ಚರೈಸರ್ ಹಚ್ಚಿ. ಎರಡು ದಿನ ಬಿಸಿನೀರು, ಹಬೆ, ಬೆವರುವ ಕೆಲಸ ಬೇಡ. ಒಲೆ ಮುಂದೆ ಕೂತು ಮನೆಮಂದಿಗೆಲ್ಲ ಜ್ವಾಳದ ರೊಟ್ಟಿ ಬಡಿದು ಬೇಯಿಸುವ ಕೆಲಸವನ್ನು ಆ ಎರಡು ದಿನ ಬೇರೆಯವರು ಮಾಡಲಿ, ಹೆಂಚಿನ ಶಾಖ ನೇರ ಮುಖಕ್ಕೇ ಬಡಿಯುತ್ತದೆ. ನಿಂಬೆರಸ, ಅರಿಶಿನ, ಕಡಲೆಹಿಟ್ಟಿನ ಉಜ್ಜಾಟ ಒಂದು ವಾರ ಮುಟ್ಟಬೇಡಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹೊರಗಿದ್ದರೆ ಎರಡು ತಾಸಿಗೊಮ್ಮೆ, ಮೇಲೆ ದುಪಟ್ಟಾ ಅಥವಾ ಸೆರಗು. ಒಂದರಿಂದ ಮೂರು ವಾರದಲ್ಲಿ ಕೂದಲು ಬೆಳೆದಂತೆ ಕಂಡು ಉದುರುತ್ತದೆ. ಅದು ಸತ್ತ ಕೂದಲು ಹೊರಬೀಳುತ್ತಿರುವುದು, ಕೀಳಬೇಡಿ.

ಸೂಜಿಯ ಕೆಲಸ

ಎಲೆಕ್ಟ್ರಾಲಿಸಿಸ್‌ನಲ್ಲಿ ಮೂರು ಬಗೆ. ಗ್ಯಾಲ್ವಾನಿಕ್‌ನಲ್ಲಿ ನೇರ ವಿದ್ಯುತ್ತು ಬೇರಿನ ಉಪ್ಪುನೀರನ್ನು ಕ್ಷಾರವಾಗಿಸಿ ಬೇರನ್ನು ಕರಗಿಸುತ್ತದೆ. ನಿಧಾನ, ಆದರೆ ಬಾಗಿದ ಬೇರಿಗೂ ತಲುಪುತ್ತದೆ. ಥರ್ಮೋಲಿಸಿಸ್‌ನಲ್ಲಿ ಅಧಿಕ ಆವರ್ತನದ ವಿದ್ಯುತ್ತಿನ ಶಾಖ ಕೆಲವೇ ಕ್ಷಣದಲ್ಲಿ ಬೇರನ್ನು ಬೇಯಿಸುತ್ತದೆ. ಬ್ಲೆಂಡ್ ಎಂದರೆ ಎರಡರ ಬೆರಕೆ. ವರ್ಷಗಟ್ಟಲೆ ಥ್ರೆಡ್ಡಿಂಗ್ ಮಾಡಿಸಿದವರ ಗದ್ದದಲ್ಲಿ ಬೇರು ಸೊಟ್ಟಗಾಗಿರುವುದು ಹೆಚ್ಚು, ಅವರಿಗೆ ಬ್ಲೆಂಡ್ ಹೊಂದುತ್ತದೆ.

ಇಲ್ಲಿ ಮಷೀನಿಗಿಂತ ಕೈ ಮುಖ್ಯ. ಸೂಜಿ ಕೂದಲು ಬಾಗಿದ ಕೋನದಲ್ಲೇ, ರಂಧ್ರದೊಳಗೆ ಜಾರಬೇಕು. ಚುಚ್ಚಿದ ನೋವಾಗಬಾರದು, ರಕ್ತ ಬರಬಾರದು. ಸೂಜಿ ಇಳಿಯುವಾಗ ಚರ್ಮ ಗುಳಿ ಬಿದ್ದರೆ ಕೋನ ತಪ್ಪಿದೆ ಅಥವಾ ಅತಿ ಆಳ ಹೋಗಿದೆ. ಕರೆಂಟ್ ಕೊಟ್ಟಾಗ ರಂಧ್ರದ ಬಾಯಿ ಬಳಿ ಚರ್ಮ ಬೆಳ್ಳಗಾದರೆ ಸೂಜಿ ಮೇಲೆಯೇ ನಿಂತಿದೆ, ಶಾಖ ಮೇಲ್ಪದರಕ್ಕೆ ಬಿದ್ದು ಕಲೆಯಾಗುತ್ತದೆ. ಆಮೇಲೆ ಪ್ಲಕ್ಕರ್‌ನಿಂದ ಎತ್ತಿದಾಗ ಕೂದಲು ಬೆಣ್ಣೆಯಿಂದ ಎಳೆದಂತೆ ಸಲೀಸಾಗಿ ಬರಬೇಕು. ಥ್ರೆಡ್ಡಿಂಗ್‌ನಂತೆ ಚುರುಕ್ಕೆಂದು ಕಿತ್ತರೆ ಬೇರು ಸತ್ತಿಲ್ಲ, ನೀವು ದುಬಾರಿ ಪ್ಲಕ್ಕಿಂಗ್‌ಗೆ ದುಡ್ಡು ಕೊಡುತ್ತಿದ್ದೀರಿ. ಈ ಒಂದು ಪರೀಕ್ಷೆಯನ್ನು ಕಣ್ಣು ಮುಚ್ಚಿಕೊಂಡೇ ಮಾಡಬಹುದು.

ಸೂಜಿ ಪ್ಯಾಕೆಟ್ ನಿಮ್ಮ ಎದುರೇ ಒಡೆಯಬೇಕು, ಒಬ್ಬರಿಗೆ ಬಳಸಿದ್ದು ಮತ್ತೊಬ್ಬರಿಗೆ ಬೇಡ. ಇನ್ಸುಲೇಟೆಡ್ ಸೂಜಿ ಇದೆಯೇ ಕೇಳಿ, ಅದರ ತುದಿ ಮಾತ್ರ ಬಿಸಿಯಾಗುವುದರಿಂದ ನಮ್ಮಂಥ ಚರ್ಮಕ್ಕೆ ಕಲೆ ಕಡಿಮೆ. ಹೋಗುವಾಗ ಕೂದಲು ಎರಡು ಮೂರು ಮಿಲಿಮೀಟರ್ ಬೆಳೆದಿರಬೇಕು, ಲೇಸರ್‌ಗೆ ಪೂರಾ ಉಲ್ಟಾ. ಒತ್ತೊತ್ತಾಗಿರುವ ಕೂದಲನ್ನೆಲ್ಲ ಒಂದೇ ದಿನ ತೆಗೆದರೆ ಶಾಖ ಕೂಡಿ ಗುಂಡಿ ಬೀಳುತ್ತದೆ. ನಡುನಡುವೆ ಬಿಟ್ಟು ತೆಗೆಸಿ. ಸಣ್ಣ ಹಕ್ಕಳೆ ಕಟ್ಟಿದರೆ ಕೆರೆಯಬೇಡಿ, ವಾರದಲ್ಲಿ ತಾನೇ ಉದುರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಎಲೆಕ್ಟ್ರಾಲಿಸಿಸ್ ಬೇಡ. ಮಚ್ಚೆಯಿಂದ ಬಂದ ಕೂದಲಿದ್ದರೆ ಮೊದಲು ವೈದ್ಯರು ಮಚ್ಚೆ ನೋಡಲಿ. ಸೂಜಿ ಇಲ್ಲದೆ ಕರೆಂಟ್ ಚಿಮಟದಿಂದ ಶಾಶ್ವತ ಕೂದಲು ತೆಗೆಯುತ್ತೇವೆ ಎನ್ನುವ ಉಪಕರಣಗಳನ್ನು ನಂಬಬೇಡಿ, ಕರೆಂಟ್ ಕೂದಲಿನ ಮೂಲಕ ಬೇರಿಗೆ ಹೋಗುವುದಿಲ್ಲ.

ಎರಡನ್ನೂ ಸೇರಿಸುವ ಲೆಕ್ಕ

ದಟ್ಟ ಕೂದಲಿರುವವರಿಗೆ ಒಳ್ಳೆಯ ದಾರಿ ಮೊದಲು ಲೇಸರ್, ಆಮೇಲೆ ಸೂಜಿ. ಗಡ್ಡ ತೆಗೆಸಬೇಕಾದ ಮಂಗಳಮುಖಿಯರಿಗೂ ಇದೇ ಕ್ರಮ ಸಮಯ, ನೋವು, ಖರ್ಚು ಮೂರನ್ನೂ ಉಳಿಸುತ್ತದೆ. ಗಡ್ಡ ಬೋಳಿಸಿದಾಗಲೆಲ್ಲ ಕೂದಲು ಒಳಮುಖ ಬೆಳೆದು ಗುಳ್ಳೆಯಾಗುವ ಗಂಡಸರಿಗೆ ಲೇಸರ್ ಒಂದೇ ಸಾಕಾಗಬಹುದು.

ಲೆಕ್ಕ ಹಾಕುವುದು ಹೀಗೆ. ಥರ್ಮೋಲಿಸಿಸ್‌ನಲ್ಲಿ ಒಂದು ಕೂದಲಿಗೆ ಎಲ್ಲ ಸೇರಿ 15 ಸೆಕೆಂಡ್ ಹಿಡಿದರೆ ಅರ್ಧ ಗಂಟೆಯಲ್ಲಿ 120 ಕೂದಲು. ಗದ್ದದಲ್ಲಿ 300 ದಪ್ಪ ಕೂದಲಿದ್ದರೆ ಒಂದು ಸುತ್ತಿಗೇ ಒಂದೂಕಾಲು ಗಂಟೆ, ಮಲಗಿದ್ದ ಬೇರುಗಳು ಎದ್ದೆದ್ದು ಬರುವುದರಿಂದ ಅಂಥ ಸುತ್ತು ಒಂದೆರಡು ವರ್ಷ ನಡೆಯುತ್ತದೆ. ಶುರುವಿನಲ್ಲಿ ವಾರಕ್ಕೊಮ್ಮೆ, ಬರಬರುತ್ತಾ ತಿಂಗಳಿಗೊಮ್ಮೆ. ಲೇಸರ್‌ಗೆ ಅದೇ ಗದ್ದ ಹತ್ತು ನಿಮಿಷ. 20 ಕೂದಲಷ್ಟೇ ಇದ್ದರೆ ಸೂಜಿಯ ಕೆಲಸ ಐದೇ ನಿಮಿಷ, ಅದಕ್ಕೆ ಲೇಸರ್ ಪ್ಯಾಕೇಜ್ ಕೊಳ್ಳುವುದು ದುಂದು. ಲೇಸರ್ ದರ ಕೇಳುವಾಗ ಆರು ಸಿಟ್ಟಿಂಗ್‌ಗೆ ನಿಲ್ಲಿಸಬೇಡಿ, ಎಂಟು ಸಿಟ್ಟಿಂಗ್ ಜೊತೆಗೆ ಆಮೇಲೆ ವರ್ಷಕ್ಕೆ ಒಂದೆರಡು ಟಚಪ್ ಸೇರಿಸಿ ಗುಣಿಸಿ. ಪಿಸಿಓಎಸ್ ಇದ್ದರೆ ಟಚಪ್ ಇನ್ನೂ ಹೆಚ್ಚು. ಎಂಟರ ದುಡ್ಡೂ ಮುಂಗಡ ಕೊಡದೆ ಒಂದೊಂದಕ್ಕೇ ಕೊಟ್ಟರೆ ಚರ್ಮ ಒಗ್ಗದಿದ್ದಾಗ ನಿಲ್ಲಿಸುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿರುತ್ತದೆ.

ಎಲೆಕ್ಟ್ರಾಲಿಸಿಸ್ ಬಲ್ಲ ಕೈ ಲೇಸರ್ ಮಷೀನಿಗಿಂತ ಅಪರೂಪ, ಹಾಗಾಗಿ ಹೊರಡುವ ಮೊದಲು ಫೋನ್‌ನಲ್ಲೇ ಕೇಳಿ: ಸೂಜಿ ಇಳಿಸುವವರು ಯಾರು, ವಾರದ ಯಾವ ದಿನ ಇರುತ್ತಾರೆ, ಬ್ಲೆಂಡ್ ಇದೆಯೇ. ಯಾದಗಿರಿಯಿಂದ ಕಲಬುರಗಿಗೆ, ಬೀದರ್‌ನಿಂದ ಹೈದರಾಬಾದ್‌ಗೆ, ಕಲಬುರಗಿಯಿಂದ ಸೊಲ್ಲಾಪುರಕ್ಕೆ ಓಡಾಡಬೇಕಾದವರು ಲೇಸರ್ ಅನ್ನು ಹತ್ತಿರದ ಊರಲ್ಲಿ ಮುಗಿಸಿ, ಉಳಿದ ಕೂದಲಿಗೆ ಸೂಜಿಯನ್ನು ಎರಡು ಮೂರು ವಾರಕ್ಕೊಮ್ಮೆ ಒಂದು ಗಂಟೆಯ ಸಿಟ್ಟಿಂಗ್ ಆಗಿ ಇಟ್ಟುಕೊಂಡರೆ ಬಸ್ ಚಾರ್ಜ್ ಉಳಿಯುತ್ತದೆ. ಲೇಸರ್ ಮುಗಿದು ಮೂರು ತಿಂಗಳು ಕಾದು, ನಿಜವಾಗಿ ಉಳಿದದ್ದೆಷ್ಟು ಎಂದು ಎಣಿಸಿದ ಮೇಲೆ ಸೂಜಿ ಶುರುಮಾಡಿ. ಆ ಮೂರು ತಿಂಗಳೂ ರೇಜರ್ ಒಂದೇ, ದಾರ ಬೇಡ.